ಚೀಟಿಯಲ್ಲಿ ಹೆಸರು ಬರಲಿಲ್ಲ

ದಿನಾ ಸಂಜೆ ಐದಕ್ಕೆ ತಪ್ಪದೆ ಫೋನ್ ಬರುತ್ತಿತ್ತು. ಮಾಡುವವಳು ಅತ್ತೆಯ ಸ್ವಂತ ತಂಗಿ.

"ಅಕ್ಕ, ಸೊಸೆ ಚೀಟಿ ಏನಾಯ್ತು?"

"ಇನ್ನೂ ಬಂದಿಲ್ಲ ಕಣೆ. ನಿನ್ನ ಅಳಿಯಂದು?"

"ನಮ್ಮದೂ ಬಂದಿಲ್ಲ."

ಅತ್ತೆ ಹೇಳುತ್ತಿದ್ದುದು ಹಸಿ ಸುಳ್ಳು. ಫಲಿತಾಂಶ ಬಂದು ಆಗಲೇ ಹನ್ನೆರಡು ದಿನವಾಗಿತ್ತು. ಸೊಸೆಯ ಹೆಸರು ಅದರಲ್ಲಿ ಇರಲಿಲ್ಲ.

ಇದು ಎಂಥ ಚೀಟಿ ಎಂದು ಕೇಳಬಹುದು. ಸೊಸೆಯೂ ತಂಗಿಯ ಅಳಿಯನೂ ಇದ್ದದ್ದು ಒಂದೇ ಪರದೇಶದಲ್ಲಿ. ಹೊರಗಿನಿಂದ ಬಂದವರು ಆ ದೇಶದಲ್ಲಿ ಓದು ಮುಗಿಸಿ ಕೆಲಸದಲ್ಲಿ ನಿಲ್ಲಬೇಕಾದರೆ ವೀಸಾ ಬೇಕು. ಇರುವ ವೀಸಾ ಹಿಡಿಯಷ್ಟು, ಕೇಳುವವರು ರಾಶಿ ರಾಶಿ. ಅದಕ್ಕೆ ಸರ್ಕಾರ ವರ್ಷಕ್ಕೊಮ್ಮೆ ಎಲ್ಲರ ಹೆಸರನ್ನೂ ಕಂಪ್ಯೂಟರಿಗೆ ಹಾಕಿ ಚೀಟಿ ಎತ್ತುತ್ತದೆ. ಬಂದವರಿಗೆ ಬಂತು, ಉಳಿದವರಿಗೆ ಇಲ್ಲ. ಸೊಸೆಗೆ ಇನ್ನು ಐವತ್ತು ದಿನ ಮಾತ್ರ ಅಲ್ಲಿರಲು ಅನುಮತಿ ಉಳಿದಿತ್ತು.

ಸೊಸೆ ಕೃತಕ ಕಾಲು ಮಾಡುವವಳು. ಅಪಘಾತದಲ್ಲೋ ಕಾಯಿಲೆಯಲ್ಲೋ ಕಾಲು ಕಳೆದುಕೊಂಡವರು ಅವಳ ವರ್ಕ್‌ಶಾಪಿಗೆ ಗಾಲಿಕುರ್ಚಿಯಲ್ಲಿ ಬಂದು, ಕೆಲವು ವಾರಗಳಲ್ಲಿ ನಡೆದುಕೊಂಡು ಹೋಗುತ್ತಿದ್ದರು. ಅವಳ ಗಂಡನಿಗೆ ಬೇಕರಿಯಲ್ಲಿ ಕೆಲಸ. ಅವನ ವೀಸಾ ಹೆಂಡತಿಯ ವೀಸಾದ ಬಾಲ. ತಲೆ ಹೋದರೆ ಬಾಲವೂ ಹೋಗುತ್ತದೆ. ಮಗಳು ಒಂದನೇ ತರಗತಿ. ಮೊಮ್ಮಗಳನ್ನು ನೋಡಿಕೊಳ್ಳಲೆಂದು ಆರು ತಿಂಗಳ ಮಟ್ಟಿಗೆ ಬಂದಿದ್ದವರು ನಮ್ಮ ಅತ್ತೆ.

ಫಲಿತಾಂಶ ಬಂದ ದಿನ ಅತ್ತೆ ಒಂದು ಕಟ್ಟಪ್ಪಣೆ ಹೊರಡಿಸಿದ್ದರು.

"ಯಾರ ಹತ್ರಾನೂ ಬಾಯಿ ಬಿಡಬೇಡಿ. ಸೊಸೆ ಫೇಲಾದ್ಲು ಅಂತ ನಾಲ್ಕು ಜನ ಆಡ್ಕೊಳ್ಳೋದು ಬೇಡ."

"ಅಮ್ಮ, ಅದು ಪರೀಕ್ಷೆ ಅಲ್ಲ, ಲಾಟರಿ," ಎಂದ ಮಗ.

"ಎರಡರಲ್ಲೂ ಹೆಸರು ಬರದಿದ್ರೆ ಬರಲಿಲ್ಲ ಅಂತಾನೇ ಅಲ್ವೇನೋ?"

ಸೊಸೆ ಏನೋ ಹೇಳಲು ಬಾಯಿ ತೆರೆದಳು, ಅತ್ತೆಯ ಮುಖ ನೋಡಿ ಪಾತ್ರೆ ತೊಳೆಯಲು ಎದ್ದಳು. ಅಂದಿನಿಂದ ಆ ಮನೆಯಲ್ಲಿ ಎಲ್ಲರೂ ಮೆತ್ತಗೆ ಮಾತಾಡತೊಡಗಿದರು. ವರ್ಕ್‌ಶಾಪಿನ ಮಾಲೀಕನಿಗೆ ಮಾತ್ರ ವಿಷಯ ಗೊತ್ತಿತ್ತು, ಏಕೆಂದರೆ ಚೀಟಿಗೆ ಹೆಸರು ಹಾಕಿದ್ದವನೇ ಅವನು. ಅವನು ಪಾಪ, "ಮುಂದಿನ ವರ್ಷ ನೋಡೋಣ" ಎಂದಿದ್ದ. ಐವತ್ತು ದಿನ ಉಳಿದವಳಿಗೆ ಮುಂದಿನ ವರ್ಷ ಕಟ್ಟಿಕೊಂಡು ಏನಾಗಬೇಕು?

ಗುಟ್ಟಿನ ಮನೆಗೆ ಗುಟ್ಟಿನವನೇ ಹುಡುಕಿಕೊಂಡು ಬರುತ್ತಾನೆ. ಬೇಕರಿಯಲ್ಲಿ ಯಾರೋ ಮಗನಿಗೆ ವೀಸಾ ಕಾಗದ ಮಾಡಿಸಿಕೊಡುವ ಒಬ್ಬನ ನಂಬರ್ ಕೊಟ್ಟರು. ಎಲ್ಲರೂ ಅವನನ್ನು ಕರೆಯುತ್ತಿದ್ದುದು ಕಾಗದದಣ್ಣ ಎಂದು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚರ್ಮದ ಚೀಲ. ಮನೆಗೆ ಬಂದವನೇ ಸೋಫಾದಲ್ಲಿ ಕೂತು "ಅಮ್ಮಾ, ಅಮ್ಮಾ" ಎಂದು ಬಾಯ್ತುಂಬ ಕರೆದ. ಅತ್ತೆ ಕರಗಿ ನೀರಾದರು.

"ಒಂದು ಕಾಲೇಜಿದೆ ಅಮ್ಮಾ. ಅಲ್ಲಿ ಇವರ ಹೆಸರು ಬರೆಸ್ತೀನಿ. ಕ್ಲಾಸಿಗೆ ಹೋಗ್ಬೇಕಾಗಿಲ್ಲ, ಪುಸ್ತಕ ಮುಟ್ಟಬೇಕಾಗಿಲ್ಲ. ಕಾಗದದಲ್ಲಿ ವಿದ್ಯಾರ್ಥಿ, ಆಮೇಲೆ ಎಲ್ಲಿ ಬೇಕಾದ್ರೂ ಕೆಲಸ. ಶನಿವಾರ ಬರ್ತೀನಿ, ಪಾಸ್‌ಪೋರ್ಟು, ಮೂಲ ಸರ್ಟಿಫಿಕೇಟು ಎಲ್ಲಾ ತೆಗೆದಿಡಿ. ಇನ್ನೊಂದು ಮಾತು, ಯಾರಿಗೂ ಹೇಳಬೇಡಿ."

ಕೊನೆಯ ಮಾತು ಅತ್ತೆಗೆ ಬಹಳ ಹಿಡಿಸಿತು. ಸೊಸೆಗೆ ಹಿಡಿಸಲಿಲ್ಲ. "ಕ್ಲಾಸೇ ಇಲ್ಲದ ಕಾಲೇಜು ಎಂಥದು ಅತ್ತೆ?" ಎಂದಳು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂದು ಅತ್ತೆ ಅವಳ ಬಾಯಿ ಮುಚ್ಚಿಸಿದರು. ಪಾಸ್‌ಪೋರ್ಟು, ಸರ್ಟಿಫಿಕೇಟು ಎಲ್ಲವನ್ನೂ ತಾವೇ ಒಂದು ಚೀಲಕ್ಕೆ ತುಂಬಿ ತಲೆದಿಂಬಿನ ಕೆಳಗೆ ಇಟ್ಟುಕೊಂಡರು.

ಶುಕ್ರವಾರ ಬಟ್ಟೆ ಒಗೆಯುವ ಸರದಿ. ಆ ಕಟ್ಟಡಕ್ಕೆಲ್ಲ ಸೇರಿ ನೆಲಮಾಳಿಗೆಯಲ್ಲಿ ನಾಲ್ಕು ಮಷಿನ್ ಇದ್ದವು. ಸೊಸೆಯ ಕೆಲಸದ ಏಪ್ರನ್ನಿನಿಂದ ಪ್ಲಾಸ್ಟರಿನ ಬಿಳಿ ಪುಡಿ ಉದುರಿ ಮಷಿನ್ನಿನ ಒಳಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಅತ್ತೆ ಒದ್ದೆ ಬಟ್ಟೆ ಹಿಡಿದು ಅದನ್ನು ಒರೆಸುತ್ತಿರುವಾಗ ಮೂರನೇ ಮಹಡಿಯ ದುಭಾಷಿ ಅಕ್ಕ ಬಕೆಟ್ ಹಿಡಿದು ಬಂದರು. ಇಪ್ಪತ್ತೆಂಟು ವರ್ಷ ಕೋರ್ಟಿನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಗೆ ತಿರುಗಿಸಿ ಹೇಳುವ ಕೆಲಸ ಮಾಡಿ ನಿವೃತ್ತರಾದವರು ಅವರು. ಅತ್ತೆಯ ಭಾಷೆ ಬಲ್ಲವರು ಆ ಕಟ್ಟಡದಲ್ಲಿ ಅವರೊಬ್ಬರೇ.

"ನಿಮ್ಮ ಸೊಸೆ ಈ ವಾರ ಎಷ್ಟು ಜನರನ್ನ ಎಬ್ಬಿಸಿ ನಿಲ್ಲಿಸಿದ್ಲು?" ಎಂದು ಅವರು ಪುಡಿ ನೋಡಿ ನಗುತ್ತ ಕೇಳಿದರು.

ಅತ್ತೆ ನಗಲು ಹೋದರು. ಕೈಗೆ ಮೊಮ್ಮಗಳ ಶಾಲೆಯ ಪುಟ್ಟ ಸ್ವೆಟರ್ ಸಿಕ್ಕಿತು. ತೋಳು ಗಿಡ್ಡವಾಗಿ ಹೋಗಿತ್ತು. ಹೊಸದು ಕೊಳ್ಳಬೇಕಿತ್ತು. ಕೊಳ್ಳಬೇಕೋ ಬೇಡವೋ ಎನ್ನುವುದೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಸ್ವೆಟರನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟರು.

"ಹೇಳಿದ್ರೆ ಮಾನ ಹೋಗುತ್ತೆ, ಹೇಳದಿದ್ರೆ ಪ್ರಾಣ ಹೋಗುತ್ತೆ ಅಕ್ಕ," ಎಂದು ಶುರು ಮಾಡಿ, ಹನ್ನೆರಡು ದಿನ ಬಿಗಿಹಿಡಿದದ್ದನ್ನೆಲ್ಲ ಆ ಮಷಿನ್‌ಗಳ ಗದ್ದಲದ ನಡುವೆ ಹೇಳಿ ಮುಗಿಸಿದರು. ಕಾಗದದಣ್ಣನ ವಿಷಯವನ್ನೂ ಬಿಡಲಿಲ್ಲ.

ದುಭಾಷಿ ಅಕ್ಕ ಅಯ್ಯೋ ಎನ್ನಲಿಲ್ಲ, ಪಾಪ ಎನ್ನಲಿಲ್ಲ. ಮೊದಲು ಒಂದೇ ಪ್ರಶ್ನೆ ಕೇಳಿದರು.

"ಎಷ್ಟು ದಿನ ಉಳಿದಿದೆ?"

"ಐವತ್ತು."

"ಹಾಗಾದ್ರೆ ಅಳೋಕೆ ಇವತ್ತೊಂದು ದಿನ ಸಾಕು. ಮೊದಲು ಒಂದು ತಿಳ್ಕೊಳ್ಳಿ, ನಿಮ್ಮ ಸೊಸೆ ಫೇಲಾಗಿಲ್ಲ. ಚೀಟಿ ಎತ್ತಿದ್ದು ಕಂಪ್ಯೂಟರು, ಅದಕ್ಕೆ ಅವಳ ಕೆಲಸ ಗೊತ್ತಿಲ್ಲ, ಮುಖಾನೂ ಗೊತ್ತಿಲ್ಲ. ಎರಡನೇದು, ಆ ಚೀಟಿ ಒಂದು ಬಾಗಿಲು ಅಷ್ಟೆ. ಮನೆಗೆ ಬೇರೆ ಬಾಗಿಲೂ ಇವೆ."

"ಕಾಗದದಣ್ಣನೂ ಬೇರೆ ಬಾಗಿಲು ಇದೆ ಅಂತಾನೇ ಅಂದ."

"ಅವನು ತೋರಿಸಿದ್ದು ಬಾಗಿಲಲ್ಲ, ಗೋಡೆಗೆ ಹಾಕಿದ ಕನ್ನ. ನೋಡಿ, ಬೆಳ್ಳಗಿರೋದೆಲ್ಲ ಹಾಲಲ್ಲ. ಅಂಥ ಕಾಗದದ ಕಾಲೇಜಿಗೆ ಸೇರಿದೋರ ಪರವಾಗಿ ಕೋರ್ಟಲ್ಲಿ ನಾನು ಎಷ್ಟು ಸಲ ಮಾತಾಡಿದೀನಿ ಗೊತ್ತಾ? 'ನನಗೆ ಗೊತ್ತಿರಲಿಲ್ಲ ಸ್ವಾಮಿ' ಅಂತ ಅವರು ಅಳ್ತಾ ಹೇಳೋರು. ಅದನ್ನೇ ನಾನು ಅಳದೆ ಇನ್ನೊಂದು ಭಾಷೆಲಿ ಹೇಳ್ಬೇಕಿತ್ತು. ಸಹಿ ಅವರದು, ಹಾಗಾಗಿ ಶಿಕ್ಷೆನೂ ಅವರಿಗೇ. ಎಷ್ಟೋ ಜನರಿಗೆ ಮತ್ತೆ ಈ ದೇಶಕ್ಕೆ ಕಾಲಿಡೋ ಹಾಗಿಲ್ಲ ಅಂತಾಯ್ತು. ಕಾಗದ ಮಾಡ್ಕೊಟ್ಟವನು ಒಂದು ದಿನಾನೂ ಕಟಕಟೆಗೆ ಬರಲಿಲ್ಲ."

ಅತ್ತೆಗೆ ತಲೆದಿಂಬಿನ ಕೆಳಗಿನ ಚೀಲ ನೆನಪಾಯಿತು.

"ಸರಿ, ಈಗ ಹೇಳಿ," ಎಂದರು ದುಭಾಷಿ ಅಕ್ಕ. "ಸೊಸೆ ವರ್ಕ್‌ಶಾಪ್ ಬಿಟ್ಟು ಬೇರೆಲ್ಲಾದ್ರೂ ಹೋಗ್ತಾಳಾ?"

"ಬುಧವಾರ ಬುಧವಾರ ದೊಡ್ಡಾಸ್ಪತ್ರೆಗೆ ಮಾಲೀಕ್ರೇ ಕಳಿಸ್ತಾರೆ. ಅಲ್ಲಿ ಡಾಕ್ಟರಿಕೆ ಓದೋ ಹುಡುಗರಿಗೆ ಕಾಲು ಅಳತೆ ತಗೊಳ್ಳೋದು ಹೇಳ್ಕೊಡ್ತಾಳೆ."

ದುಭಾಷಿ ಅಕ್ಕ ಬಕೆಟ್ ಕೆಳಗಿಟ್ಟರು.

"ಅದು ಯೂನಿವರ್ಸಿಟಿ ಆಸ್ಪತ್ರೆ ಅಲ್ವಾ? ಇಲ್ಲಿ ಯೂನಿವರ್ಸಿಟಿಯೋರು, ಸಂಶೋಧನೆ ಮಾಡೋ ಸಂಸ್ಥೆಯೋರು ಯಾರನ್ನಾದ್ರೂ ಕೆಲಸಕ್ಕೆ ತಗೊಂಡ್ರೆ ಈ ಚೀಟಿ ಗೊಡವೆನೇ ಇಲ್ಲ. ವರ್ಷದಲ್ಲಿ ಯಾವಾಗ ಬೇಕಾದ್ರೂ ಅರ್ಜಿ ಹಾಕಬಹುದು. ಅವರಿಗೆ ಕೇಳಿದ್ರಾ?"

"ಅವರಿಗೆ ಚೀಟಿ ವಿಷಯಾನೇ ಗೊತ್ತಿಲ್ಲ. ಹೇಳಬೇಡ ಅಂತ ನಾನೇ ಅಂದಿದ್ದೆ."

"ಚೆನ್ನಾಯ್ತು," ಎಂದರು ದುಭಾಷಿ ಅಕ್ಕ. "ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ. ಆದ್ರೆ ನಾನು ವಕೀಲಳಲ್ಲ, ನನ್ನ ಮಾತೇ ಕೊನೆ ಅಂದ್ಕೋಬೇಡಿ. ನಾಳೆ ಲೈಬ್ರರಿಲಿ ಲೈಸೆನ್ಸ್ ಇರೋ ವಕೀಲರು ಬಂದು ಕೂರ್ತಾರೆ. ಎಲ್ಲರೂ ಬನ್ನಿ, ನಾನೂ ಇರ್ತೀನಿ."

ಮನೆಗೆ ಬಂದ ಅತ್ತೆಗೆ ಈಗ ನುಂಗಲಾರದ ತುತ್ತು. ಯಾರಿಗೂ ಹೇಳಬೇಡಿ ಎಂದವರೇ ಹೇಳಿ ಬಂದಿದ್ದರು. ಸೊಸೆ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಒದರಿದರು. ಸೊಸೆ ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಳು.

"ಅತ್ತೆ, ದೊಡ್ಡಾಸ್ಪತ್ರೆಲಿ ಕೇಳೋಣ ಅಂತ ನನಗೆ ಮೊದಲ ದಿನಾನೇ ಅನ್ನಿಸಿತ್ತು," ಎಂದಳು. "ನಿಮ್ಮ ಮಾತು ಮೀರೋಕೆ ಮನಸ್ಸು ಬರಲಿಲ್ಲ."

"ಇನ್ನೊಂದು ಸಲ ನಾನು ಅಂಥ ಮಾತಾಡಿದ್ರೆ ಮೀರು ತಾಯಿ," ಎಂದರು ಅತ್ತೆ.

ಶನಿವಾರ ಬೆಳಿಗ್ಗೆ ಕಾಗದದಣ್ಣ ಬಂದ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಚೀಲ ಅವರ ಕಂಕುಳಲ್ಲಿತ್ತು.

"ತಮ್ಮಾ, ನಿನ್ನ ಲೈಸೆನ್ಸ್ ನಂಬರ್ ಒಂದು ಚೀಟಿಲಿ ಬರ್ಕೊಟ್ಟು ಸಹಿ ಹಾಕು."

"ನನ್ನ ಮೇಲೆ ನಂಬಿಕೆ ಇಲ್ವಾ ಅಮ್ಮಾ? ಬೇಗ ಕೊಡಿ, ಟೈಮಿಲ್ಲ. ಇವತ್ತು ಬಿಟ್ರೆ ಸೀಟ್ ಹೋಗುತ್ತೆ."

"ಕ್ಲಾಸೇ ಇಲ್ಲದ ಕಡೆ ಸೀಟ್ ಎಲ್ಲಿಂದ ಬಂತಪ್ಪ?"

ಆಮೇಲೆ ಅವನು ಅಮ್ಮಾ ಎನ್ನಲಿಲ್ಲ. ಏನೋ ಗೊಣಗುತ್ತ ಮೆಟ್ಟಿಲಿಳಿದು ಹೋದ.

ಲೈಬ್ರರಿಯ ಮೂಲೆಯ ಮೇಜಿನಲ್ಲಿದ್ದ ವಕೀಲೆ ಕೂಡ ಮೊದಲು ಕೇಳಿದ್ದು ಉಳಿದ ದಿನಗಳನ್ನೇ. ಕಾಗದಗಳನ್ನೆಲ್ಲ ನೋಡಿ ನಿಧಾನವಾಗಿ ಬಿಡಿಸಿ ಹೇಳಿದಳು. ದುಭಾಷಿ ಅಕ್ಕ ಅದನ್ನು ಅತ್ತೆಗೆ ತಿರುಗಿಸಿ ಹೇಳಿದರು. ಯೂನಿವರ್ಸಿಟಿ ಆಸ್ಪತ್ರೆ ಒಪ್ಪಿದರೆ ಅದು ಎಲ್ಲಕ್ಕಿಂತ ಹತ್ತಿರದ ದಾರಿ. ಒಪ್ಪದಿದ್ದರೆ ನಿಜವಾದ ಕಾಲೇಜಿನಲ್ಲಿ ನಿಜವಾಗಿ ಓದುವ ದಾರಿ ಇದೆ. ತನ್ನ ವಿದ್ಯೆಯಲ್ಲಿ ದೊಡ್ಡ ಹೆಸರು ಮಾಡಿದವರಿಗೆ ಬೇರೆಯೇ ವೀಸಾ ಇದೆ, ಆದರೆ ಅದಕ್ಕೆ ಪುರಾವೆ ಬೇಕು. ಬೇರೆ ದೇಶದಲ್ಲಿ ಶಾಖೆ ಇರುವ ಕಂಪನಿಯಾದರೆ ಅಲ್ಲಿ ಒಂದು ವರ್ಷ ದುಡಿದು, ವರ್ಗವಾಗಿ ಮರಳಿ ಬರಬಹುದು. ಯಾವುದೂ ಆಗದಿದ್ದರೆ ಗಡುವಿನೊಳಗೆ ಹೊರಟುಬಿಡಬೇಕು. ಸರಿಯಾಗಿ ಹೊರಟವರಿಗೆ ಮುಂದೆ ಮತ್ತೆ ಬರುವ ದಾರಿ ತೆರೆದಿರುತ್ತದೆ, ಅವಧಿ ಮೀರಿ ಅಡಗಿ ಕೂತವರಿಗೆ ಅದೂ ಮುಚ್ಚಿಹೋಗುತ್ತದೆ.

"ಖಂಡಿತ ಆಗುತ್ತೆ ಅಂತ ಹೇಳ್ತಾರಾ?" ಅತ್ತೆ ಕೇಳಿದರು.

"ಹೇಳಲ್ವಂತೆ. ಖಂಡಿತ ಅಂತ ಯಾರಾದ್ರೂ ಹೇಳಿದ್ರೆ ಅವರ ಹತ್ರ ಹೋಗಬೇಡಿ ಅಂತಾರೆ."

ಬುಧವಾರ ಸೊಸೆ ದೊಡ್ಡಾಸ್ಪತ್ರೆಗೆ ಹೋದಳು. ಪಾಠ ಮುಗಿದ ಮೇಲೆ ವಿಭಾಗದ ಮುಖ್ಯಸ್ಥೆಯ ಕೋಣೆಯ ಮುಂದೆ ನಿಂತು, ಕೈಯ ಪ್ಲಾಸ್ಟರ್ ಪುಡಿಯನ್ನು ಮೂರು ಸಲ ಒರೆಸಿಕೊಂಡು ಒಳಗೆ ಕಾಲಿಟ್ಟಳು. ಮುಖ್ಯಸ್ಥೆ ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು.

"ಒಂದು ವರ್ಷದಿಂದ ನಮಗೆ ಇಂಥವರೊಬ್ಬರು ಬೇಕಿತ್ತು," ಎಂದರು. "ನಿಮಗೆ ಅಲ್ಲೇ ಎಲ್ಲ ಚೆನ್ನಾಗಿದೆ, ಕರೆದರೆ ಬರಲಾರಿರಿ ಅಂತ ನಾವು ಕೇಳಲಿಲ್ಲ."

ಆಮೇಲೂ ಎಲ್ಲ ಹೂವಿನ ಹಾಸಿಗೆಯಾಗಲಿಲ್ಲ. ಒಂದು ಸರ್ಟಿಫಿಕೇಟ್ ತಡವಾಯಿತು, ಒಂದು ಸಹಿಗೆ ಎಂಟು ದಿನ ಕಾಯಬೇಕಾಯಿತು. ಅತ್ತೆ ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹಾಕುತ್ತ ಹೋದರು. ಇನ್ನು ಏಳು ದಿನ ಉಳಿದಿರುವಾಗ ವೀಸಾ ಮಂಜೂರಾದ ಪತ್ರ ಬಂತು. ಸೊಸೆ ಅದನ್ನು ಎರಡು ಸಲ ಓದಿ ಅತ್ತೆಯ ಕೈಗೆ ಕೊಟ್ಟಳು. ಅತ್ತೆಗೆ ಆ ಭಾಷೆ ಬರುವುದಿಲ್ಲ, ಆದರೂ ಹೆಸರು ಎಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳಿಟ್ಟರು. ಮಗ ಆ ಭಾನುವಾರವೇ ಹೊಸ ಸ್ವೆಟರ್ ತಂದ, ಎರಡು ಅಳತೆ ದೊಡ್ಡದು.

ಪತ್ರ ಬಂದ ದಿನ ಸಂಜೆ ಐದಕ್ಕೆ ತಂಗಿಯ ಫೋನ್ ಬಂತು.

"ಅಕ್ಕ, ಸೊಸೆ ಚೀಟಿ ಏನಾಯ್ತು?"

ಬಂತು ಎಂದುಬಿಡಬಹುದಿತ್ತು. ವೀಸಾ ಕೈಯಲ್ಲಿತ್ತು, ಕೇಳುವವರು ಯಾರಿದ್ದರು? ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

"ಚೀಟಿಯಲ್ಲಿ ಹೆಸರು ಬರಲಿಲ್ಲ ಕಣೆ. ಆವತ್ತೇ ಬರಲಿಲ್ಲ. ಇಷ್ಟು ದಿನ ನಿನಗೆ ಸುಳ್ಳು ಹೇಳಿದೆ. ಬೇರೆ ದಾರಿಲಿ ವೀಸಾ ಆಯ್ತು."

ಆ ಕಡೆ ತಂಗಿ ಅಳುತ್ತಿದ್ದಳು.

"ನನ್ನ ಅಳಿಯನ ಹೆಸರೂ ಬರಲಿಲ್ಲ ಅಕ್ಕ. ಅದೇ ದಿನ ಗೊತ್ತಾಗಿತ್ತು. ನಿನ್ನ ಮುಂದೆ ಹೇಳೋಕೆ ನಾಚಿಕೆ ಆಯ್ತು. ನಿಮ್ಮನೇಲಿ ಏನು ಮಾಡ್ತೀರೋ ತಿಳ್ಕೊಳ್ಳೋಣ ಅಂತ ದಿನಾ ಫೋನ್ ಮಾಡ್ತಿದ್ದೆ."

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಸುಮಾರು ಎಂಟು ವಾರ ಕಾಲ, ದಿನಾ ಒಬ್ಬರಿಗೊಬ್ಬರು ಒಂದೇ ಸುಳ್ಳು ಹೇಳಿದ್ದರು. ತಾವು ಬಟ್ಟೆ ಒಗೆಯುವ ಕೋಣೆಯಲ್ಲಿ ಅತ್ತ ದಿನವೇ ತಂಗಿಗೂ ಹೇಳಿದ್ದರೆ ಅವಳ ಅಳಿಯನಿಗೂ ಅಷ್ಟು ದಿನ ಸಿಗುತ್ತಿತ್ತು. ಅದನ್ನು ನೆನೆದು ಅವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು. ಆದರೆ ಸಿಟ್ಟಿಗೆ ಆಗ ಸಮಯವಿರಲಿಲ್ಲ.

"ಅಳೋದು ಆಮೇಲೆ. ಎಷ್ಟು ದಿನ ಉಳಿದಿದೆ?" ಎಂದು ಕೇಳಿದರು ಅತ್ತೆ.

"ಒಂಬತ್ತು."

"ಒಂಬತ್ತು ಅಂದ್ರೆ ಒಂಬತ್ತು, ಸೊನ್ನೆ ಅಲ್ಲ. ಅವನು ಸೇತುವೆ ಕಟ್ಟೋ ಕಂಪನಿಲಿ ಇದಾನಲ್ಲ, ಅವರಿಗೆ ಬೇರೆ ದೇಶದಲ್ಲಿ ಆಫೀಸ್ ಇದೆಯಾ? ಇದೆ ತಾನೆ? ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡ ಅನ್ನು. ಪೆನ್ನು ತಗೋ, ವಕೀಲರ ನಂಬರ್ ಹೇಳ್ತೀನಿ, ಬರ್ಕೋ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಚೀಟಿಯಲ್ಲಿ ಹೆಸರು ಬರದವರು ಇರಬಹುದು. ಅದು ಅವರ ತಪ್ಪಲ್ಲ, ಮುಚ್ಚಿಡುವ ಅವಮಾನವೂ ಅಲ್ಲ. ಇವತ್ತೇ ಕ್ಯಾಲೆಂಡರ್ ತೆಗೆದು ಎಷ್ಟು ದಿನ ಉಳಿದಿದೆ ನೋಡಿ. ಒಂದೊಂದು ದೇಶದ ಕಾನೂನು ಒಂದೊಂದು ಥರ, ಅದು ಬದಲಾಗುತ್ತಲೂ ಇರುತ್ತದೆ. ಹಾಗಾಗಿ ಈ ಕಥೆಯನ್ನೇ ನಂಬಿ ಕೂರದೆ, ಲೈಸೆನ್ಸ್ ಇರುವ ವಕೀಲರನ್ನು ಕೇಳಿ. ಕೆಲಸ ಕೊಟ್ಟವರಿಗೆ ಹೇಳಿ, ನಿಮ್ಮ ಕೆಲಸ ಕಂಡು ಮೆಚ್ಚಿದವರಿಗೆಲ್ಲ ಹೇಳಿ. ಪಾಸ್‌ಪೋರ್ಟನ್ನು ಮಾತ್ರ ಯಾವ ಕಾಗದದಣ್ಣನ ಚೀಲಕ್ಕೂ ಹಾಕಬೇಡಿ. ನೀವು ಬಾಯಿ ಬಿಟ್ಟರೆ ನಿಮಗೊಂದು ದಾರಿ ಸಿಕ್ಕೀತು. ಫೋನಿನ ಆ ಕಡೆ ಇರುವವರಿಗೂ ಸಿಕ್ಕೀತು.