ಕಣ್ಣಿಗೆ ಬಿಡುವ ಬೆಳಕು

ಮತ್ತೆ ಬಿತ್ತು ಕಣ್ಣಿಗೆ, ಅದೇ ಬೆಳಕು, ಎಷ್ಟು ಸಲ ಹೇಳಿದಳು ಆ ಗೈಡ್, ಹೆಲ್ಮೆಟ್ಟಿನ ಮೇಲೆ ದೀಪವಿದೆ, ಮಾತಾಡುವಾಗ ಎದುರಿನವರ ಮುಖ ನೋಡಬೇಡಿ, ಭುಜ ನೋಡಿ, ಎಂದು — ಎಲ್ಲರೂ ಕಲಿತರು, ಅಣ್ಣನೊಬ್ಬ ಕಲಿಯಲಿಲ್ಲ, ಗುಹೆಯ ತಿರುವು ಬಂದಾಗಲೆಲ್ಲ ಹಿಂದೆ ತಿರುಗಿ ನೇರ ನನ್ನ ಕಣ್ಣಿಗೇ ಬಿಡುತ್ತಾನೆ, ಬಂದ್ಯಾ, ತಲೆ ಬಗ್ಗಿಸು ಎನ್ನುತ್ತಾನೆ, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣಿಗೆ ಬೆಳಕು ಬಿಟ್ಟು ಪರೀಕ್ಷಿಸುವವಳು ನಾನು, ನಾನೂ ಮೊದಲು ಹೇಳುತ್ತೇನೆ, ಸ್ವಲ್ಪ ಚುಚ್ಚುತ್ತೆ, ರೆಪ್ಪೆ ಬಡೀಬೇಡಿ, ಹೇಳಿಯೇ ಬಿಡುತ್ತೇನೆ, ಇವನಿಗೆ ಕೇಳಿ ಗೊತ್ತಿಲ್ಲ, ಹೇಳಿ ಗೊತ್ತಿಲ್ಲ, ನನಗೆ ಯಾವುದು ಒಳ್ಳೆಯದೆಂದು ತಾನೇ ತೀರ್ಮಾನಿಸಿ ನನ್ನ ತಲೆಗೆ ಕಟ್ಟುವುದೊಂದೇ ಗೊತ್ತು, ಈ ಗುಹೆಯೂ ಹಾಗೆಯೇ, ಟಿಕೆಟ್ ತೆಗೆದಾಯ್ತು, ಮಗೂನ ನಿಮ್ಮತ್ತಿಗೆ ನೋಡ್ಕೋತಾಳೆ, ನಿನಗೂ ಸ್ವಲ್ಪ ಬದಲಾವಣೆ ಬೇಕು — ಬದಲಾವಣೆಯಂತೆ, ಹೊಟ್ಟೆಯ ಮೇಲೆ ತೆವಳುವ ಬದಲಾವಣೆ, ಮೊಣಕೈ ತರಚಿದೆ, ತಣ್ಣನೆಯ ಕೆಸರು ಕಾಲರಿನೊಳಗೆ ಇಳಿದಿದೆ, ಗೋಡೆ ಮುಟ್ಟಬೇಡಿ, ಕೈಯ ಜಿಡ್ಡು ತಾಗಿದರೆ ತೊಟ್ಟಿಕ್ಕುವ ನೀರಿನಿಂದ ಸುಣ್ಣಕಲ್ಲು ಬೆಳೆಯುವುದೇ ನಿಂತುಹೋಗುತ್ತದೆ ಎನ್ನುತ್ತಾಳೆ ಗೈಡ್, ಹಿಂದಿನವರ ದೀಪ ಕಾಣದೆ ಯಾರೂ ಮುಂದೆ ಹೋಗಬೇಡಿ ಎನ್ನುತ್ತಾಳೆ, ಅಣ್ಣನಿಗೆ ಅದು ಹೇಳಿ ಮಾಡಿಸಿದ ಕೆಲಸ, ನನ್ನನ್ನು ಕಾಯುವುದು, ಆಗಲೂ ಕಾಯುತ್ತಿದ್ದನಂತೆ, ನಾನು ತುಂಬಿದ ಬಸುರಿ, ಅಲ್ಲಿ ಇವನ ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಫೋನ್ ಮಾಡಿದರೆ ಅಮ್ಮ ಮಲಗಿದ್ದಾಳೆ ಪುಟ್ಟಿ, ಸ್ನಾನಕ್ಕೆ ಹೋಗಿದ್ದಾಳೆ ಪುಟ್ಟಿ, ಪಕ್ಕದ ಮನೇಲಿದ್ದಾಳೆ ಪುಟ್ಟಿ, ಅಮ್ಮ ಹೋಗಿ ಎಲ್ಲ ಮುಗಿದ ಮೇಲೆ ಕಾರು ಕಳಿಸಿ ಕರೆಸಿದ, ಅದೇ ಹೊಟ್ಟೆ, ಅದೇ ರಸ್ತೆ, ಮುಗಿದ ಮೇಲೆ ಬರಬಹುದಾದ ಬಸುರಿ ಮುಗಿಯುವ ಮೊದಲು ಯಾಕೆ ಬರಬಾರದಿತ್ತು, ಕೇಳಿದೆ, ಕಿರುಚಿಯೇ ಕೇಳಿದೆ, ಅವಳಿಗೆ ಎಚ್ಚರಾನೇ ಇರ್ಲಿಲ್ಲ ಪುಟ್ಟಿ, ನೀನು ಬಂದಿದ್ರೂ ಗೊತ್ತಾಗ್ತಿರ್ಲಿಲ್ಲ ಪುಟ್ಟಿ, ಆ ಒಂದು ಮಾತನ್ನು ನೆಚ್ಚಿಕೊಂಡೇ ಇಷ್ಟು ದಿನ ಇವನ ಮನೆಯಲ್ಲಿ ಕೂತು ಊಟ ಮಾಡಿದ್ದೇನೆ, ಎಚ್ಚರವಿರಲಿಲ್ಲ, ಹಾಗಿದ್ದರೆ ನನ್ನನ್ನು ಹುಡುಕಿರಲಿಕ್ಕಿಲ್ಲ, ಆದರೆ ಸುಳ್ಳು ಹೇಳುವಾಗಲೇ ಇವನ ಬಾಯಲ್ಲಿ ಪುಟ್ಟಿ ಜಾಸ್ತಿ, ಅದೂ ನನಗೆ ಗೊತ್ತು.

ಕಿಂಡಿ ಮುಗಿಯಿತು, ಬೆನ್ನು ನೆಟ್ಟಗಾಯಿತು, ಹಜಾರದಷ್ಟು ಜಾಗ, ಎಲ್ಲರೂ ಕೂತಿದ್ದಾರೆ, ಈಗ ದೀಪ ಆರಿಸಿ, ಎಲ್ಲರೂ, ಎನ್ನುತ್ತಾಳೆ ಗೈಡ್, ಒಂದೊಂದಾಗಿ ಆರುತ್ತವೆ, ಕೊನೆಯದು ಅಣ್ಣನದು, ಅದೂ ಆರಿತು, ಕೈಯನ್ನು ಮೂಗಿನ ಹತ್ತಿರ ತಂದರೂ ಕಾಣುತ್ತಿಲ್ಲ, ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು, ಪಕ್ಕದಲ್ಲೇ ಅವನ ಉಸಿರು, ಅವನಿಗೆ ನನ್ನ ಮುಖವಿಲ್ಲ, ನನಗೆ ಅವನದಿಲ್ಲ, ಕೇಳಲೇ, ಬೇಡ, ಈಗ ಕೇಳದಿದ್ದರೆ ಸತ್ತರೂ ಕೇಳಲಾರೆ — ಅಣ್ಣ, ಅಮ್ಮ ನನ್ನ ಕೇಳಿದ್ಲಾ, ಎಲ್ಲೋ ನೀರು ತೊಟ್ಟಿಕ್ಕುತ್ತಿದೆ, ಹಲ್ಲು ಕಚ್ಚಿಕೊಂಡು ಕೂತಿದ್ದೇನೆ, ಪುಟ್ಟಿ ಎನ್ನಲಿ ನೋಡೋಣ, ಎನ್ನಲಿ — ಕೇಳ್ತಿದ್ಲು, ಅಂದ, ದಿನಾ ಕೇಳ್ತಿದ್ಲು, ನಾಳೆ ಬರ್ತಾಳೆ ಅಂತಿದ್ದೆ, ಬಾಗಿಲು ಕಾಣ್ಲಿ ಅಂತ ದಿಂಬು ಕಾಲ್ಕಡೆ ಹಾಕಿಸ್ಕೊಂಡಿದ್ಲು. ಪುಟ್ಟಿ ಅನ್ನಲಿಲ್ಲ. ನಾಳೆ, ದಿನಾ ನಾಳೆ, ಅಯ್ಯೋ ಪಾಪಿ, ಈ ಕತ್ತಲೆಯಲ್ಲೇ ನಿನ್ನ ಕುತ್ತಿಗೆ ಹಿಸುಕಬೇಕು, ನನ್ನ ಒಳ್ಳೆಯದಕ್ಕೆ ಅವಳನ್ನು ಬಾಗಿಲು ಕಾಯಿಸಿದೆಯಾ, ಯಾರೋ ದೀಪ ಹಚ್ಚಿದರು, ಏಳಿ, ಹೊರಡೋಣ ಎನ್ನುತ್ತಿದ್ದಾಳೆ ಗೈಡ್, ಏಳುತ್ತಿದ್ದಾರೆ, ನಾನು ಕೂತೇ ಇದ್ದೇನೆ, ದಿಂಬು, ಕಾಲ ಕಡೆ ದಿಂಬು, ನೋಡಿದ್ದೆನಲ್ಲ ಅದನ್ನು, ಕಾರಿನಿಂದ ಇಳಿದು ನೇರ ಅವಳ ಕೋಣೆಗೇ ಹೋದಾಗ, ಮಂಚದ ಕಾಲ ಕಡೆ ದಿಂಬು, ಅತ್ತಿಗೆಗೆ ಒಂದು ಹಾಸಿಗೆ ಓರಣ ಮಾಡಲು ಬಾರದೇ ಎಂದು ಸಿಡುಕಿ, ಎತ್ತಿ ಗೋಡೆಯ ಕಡೆ ಇಟ್ಟೆ, ಕಾಲ ಕಡೆಯ ದಿಂಬು, ನಡುವೆ ತಲೆಯಿಟ್ಟ ತಗ್ಗಿತ್ತು, ತಟ್ಟಿದೆ, ಆ ತಗ್ಗು ಸಮ ಆಗುವ ತನಕ ತಟ್ಟಿದೆ