ಚಾಪೆ ಹೊದ್ದ ಸಂಸದ

ನನ್ನ ಅಣ್ಣ ಪೆಲೆನಾಟೊ ಸಂಸತ್ತಿನಲ್ಲಿ ನಿಂತು ಮಾಡಿಸಿದ ಕಾನೂನೇ ನನಗೆ ಉರುಳಾಯಿತು. ಆ ದಿನ ರೇಡಿಯೊದಲ್ಲಿ ಅವನ ಭಾಷಣ ಕೇಳಿ ಚಪ್ಪಾಳೆ ತಟ್ಟಿದವಳು ನಾನೇ. ಊರಿನ ಮಟಾಯಿಗಳು, ಅಂದರೆ ಬಿರುದು ಹೊತ್ತ ಹಿರಿಯರು, ಸಭೆ ಕೂಡಿ ಕೊಟ್ಟ ತೀರ್ಪನ್ನು ಯಾವ ಹಿರಿಯನೂ ಒಬ್ಬನೇ ಬದಲಿಸುವಂತಿಲ್ಲ, ಹಂದಿ ಕೊಟ್ಟು ತೀರ್ಪು ತಿರುಗಿಸಿಕೊಳ್ಳುವುದು ನಿಲ್ಲಬೇಕು ಎಂದಿದ್ದ. ಮಾಡಿದ್ದುಣ್ಣೋ ಮಹಾರಾಯ ಎಂದು ಅವನಿಗೆ ಹೇಳೋಣವೆಂದರೆ, ಉಣ್ಣುತ್ತಿರುವವಳು ನಾನು.

ಮೇ ತಿಂಗಳಲ್ಲಿ ನನ್ನ ಗಂಡ ತವಿತಾ ಕುಡಿದು ಪಿಕಪ್ ಓಡಿಸಿ, ಊರಿನ ದೊಡ್ಡ ಹಿರಿಯ ಲೌವೊಫೊನ ತಮ್ಮನನ್ನು ಕೊಂದ. ಅವನು ರಾಜಧಾನಿ ಅಪಿಯಾದ ಜೈಲು ಸೇರಿದ. ಸರ್ಕಾರದ ಶಿಕ್ಷೆ ಅವನಿಗೆ, ಊರಿನ ಶಿಕ್ಷೆ ಮನೆಮಂದಿಗೆ. ಭಾನುವಾರದ ಪ್ರಾರ್ಥನೆ ಮುಗಿಯುವುದರೊಳಗೆ ನಾನೂ ಅತ್ತೆಯೂ ಊರು ಬಿಡಬೇಕೆಂದು ಸಭೆ ಹೇಳಿತು. ಮನೆ ಹೋದರೆ ಹೋಗಲಿ. ಮನೆಯ ಮುಂದೆ ನನ್ನ ಮಗಳು ಮಲಗಿದ್ದಾಳೆ, ಜ್ವರ ಬಂದು ಎರಡು ವರ್ಷಕ್ಕೇ ಹೋದವಳು. ವಾರಕ್ಕೊಮ್ಮೆ ಗೋರಿ ತೊಳೆದು, ಅದರ ಮೇಲೇ ಕುಳಿತು ಕೋಕೋ ಕುಡಿಯುತ್ತೇನೆ. ಅವಳನ್ನು ಬಿಟ್ಟು ಎಲ್ಲಿಗೆ ಹೋಗಲಿ?

ಗುರುವಾರ ಬಸ್ಸು ಹತ್ತಿ ಅಪಿಯಾಕ್ಕೆ ಹೋದೆ. ಅಣ್ಣ ಸಂಸತ್ ಭವನದ ಮೆಟ್ಟಿಲ ಮೇಲೆ ಸಿಕ್ಕ. ಮಂತ್ರಿಗೆ ಫೋನ್ ಮಾಡಿದ, ಕಾನೂನು ಬಲ್ಲವರನ್ನು ಕೇಳಿದ. ತಿದ್ದುಪಡಿ ತರಬಹುದಂತೆ; ಆದರೆ ಸದನ ಸೇರುವುದು ಆರು ವಾರದ ಮೇಲೆ, ಸೇರಿದರೂ ಆಗಿಹೋದ ತೀರ್ಪಿಗೆ ಅದು ಅನ್ವಯಿಸುವುದಿಲ್ಲವಂತೆ. ಕೋರ್ಟಿಗೆ ಹೋದರೆ ತಿಂಗಳುಗಟ್ಟಲೆ.

"ಸರ್ಕಾರಾನೇ ಇಳಿಸ್ತೀವಿ ತಂಗಿ ನಾವು," ಎಂದ. "ಆದ್ರೆ ಆ ಸಭೆ ಮಾತು ಮುಟ್ಟೋಕಾಗಲ್ಲ. ಬೀಗ ಹಾಕಿದವನು ನಾನೇ."

"ಹಂಗಾದ್ರೆ ಬಂದು ಚಾಪೆ ಹೊದ್ಕೊಂಡು ಕೂತ್ಕೊ," ಎಂದೆ.

ಕೊಲೆಯಂಥ ತಪ್ಪಿಗೆ ನಮ್ಮಲ್ಲಿ ಉಳಿದಿರುವ ಕೊನೆಯ ದಾರಿ ಅದು. ತಪ್ಪು ಮಾಡಿದವರ ಕಡೆಯ ಹಿರಿಯ ನಸುಕಿನಲ್ಲೇ ನೊಂದವರ ಅಂಗಳಕ್ಕೆ ಹೋಗಿ, ನಯವಾದ ಹೆಣಿಗೆಯ ಚಾಪೆ ಹೊದ್ದು ತಲೆ ತಗ್ಗಿಸಿ ಕೂರಬೇಕು. ಮನೆಯವರು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಕಲ್ಲೂ ಬೀಳಬಹುದು, ಕತ್ತಿಯೂ ಬೀಳಬಹುದು. ಗಂಡನ ಕಡೆ ಬಿರುದು ಹೊತ್ತವರು ಯಾರೂ ಉಳಿದಿರಲಿಲ್ಲ; ನನ್ನ ಕಡೆ ಬಿರುದು ಇದ್ದವನು ಅಣ್ಣನೊಬ್ಬನೇ. ಚುನಾವಣೆ ಹತ್ತಿರವಿದೆ, ಅವನು ಹಾಗೆ ಕೂತರೆ ಜನ ಆಡಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕರುಣೆ ತೋರಿಸಲಿಲ್ಲ.

ಶನಿವಾರ ನಸುಕಿಗೆ ಲೌವೊಫೊನ ಅಂಗಳಕ್ಕೆ ಹೋಗಿ ಕುಳಿತೆವು. ಬಿಸಿಲೇರಿತು. ಚಾಪೆಯೊಳಗೆ ಅಣ್ಣ ಕೆಮ್ಮುತ್ತಿದ್ದ, ಹಿಂದೆ ಕುಳಿತ ಅತ್ತೆಯ ತುಟಿ ಒಣಗಿತ್ತು. ನಮ್ಮ ಸಂಸದರು ಇವತ್ತು ಕಲಾಪಕ್ಕೆ ಬೇಗ ಬಂದಿದ್ದಾರೆ ಎಂದು ಬೇಲಿಯಾಚೆ ಯಾರೋ ಅಣಕಿಸಿದರು. ಮಧ್ಯಾಹ್ನವಾಗುವ ಹೊತ್ತಿಗೆ ಲೌವೊಫೊ ಮೆಟ್ಟಿಲಿಳಿದು ಬಂದ. ನಾನು ಕಣ್ಣು ಮುಚ್ಚಿದೆ. ಮತ್ತೆ ತೆರೆದಾಗ ಅವನು ಚಾಪೆ ಎತ್ತಿ, ಅಣ್ಣನ ತೋಳು ಹಿಡಿದು ಎಬ್ಬಿಸುತ್ತಿದ್ದ. ಇಬ್ಬರೂ ಅಳುತ್ತಿದ್ದರು.

ನಾವಿನ್ನು ಉಳಿಯಬಹುದೇ ಎಂದು ಕೇಳಿದೆ.

"ಕ್ಷಮೆ ನಂದು, ಕೊಟ್ಟೆ ಕಣಮ್ಮ," ಎಂದ ಲೌವೊಫೊ. "ತೀರ್ಪು ಸಭೇದು. ಅದನ್ನ ನಾನೊಬ್ನೇ ತಿರುಗಿಸೋ ಹಂಗಿಲ್ಲ ಅಂತ ನಿಮ್ಮಣ್ಣನೇ ಬರೆಸವ್ನೆ. ತೀರ್ಪು ಕೊಟ್ಟ ಹನ್ನೊಂದು ಜನಾನೂ ಮತ್ತೆ ಕೂಡ್ಬೇಕು. ಅದ್ರಲ್ಲಿ ನಾಲ್ಕು ಜನ ಆಮೇಲೆ ನ್ಯೂಜಿಲೆಂಡ್‌ಗೆ ಮಕ್ಕಳ ಮನೆಗೆ ಹೋಗವ್ರೆ, ಬರೋದು ಕ್ರಿಸ್‌ಮಸ್‌ಗೆ. ಆಗ್ಲೂ ಒಪ್ತಾರೋ ಇಲ್ವೋ."

ಅಣ್ಣ ಬಗ್ಗಿ ಅತ್ತೆಯನ್ನು ಎಬ್ಬಿಸಿದ.

ಆಗ ಸತ್ತವನ ಹೆಂಡತಿ ಸೌಲಿ ಒಳಗಿಂದ ಬಂದಳು. ಮೇ ತಿಂಗಳಿಂದ ನನ್ನ ಮುಖ ನೋಡಿದವಳಲ್ಲ.

"ಮಗೂನ ಗೋರಿ ನಾನು ತೊಳೀತೀನಿ," ಎಂದಳು.

ನನಗೆ ಕೃತಜ್ಞತೆ ಹುಟ್ಟಲಿಲ್ಲ. ಹೊಟ್ಟೆ ಉರಿಯಿತು. ನನ್ನ ಮಗಳ ಮೇಲೆ ಇನ್ನೊಬ್ಬಳ ಕೈ ಆಡುವುದನ್ನು ನೆನೆದರೇ ಅಲ್ಲೇ ಪ್ರಾಣ ಹೋಗಬಾರದೇ ಅನಿಸಿತು. ಆದರೂ ಅವಳ ಹತ್ತಿರ ಹೋದೆ.

"ತಲೆ ಕಡೆ ಸುಣ್ಣ ಬಿಟ್ಕೊಂಡಿದೆ ಅಕ್ಕ," ಎಂದೆ. "ಅಲ್ಲಿ ಜೋರಾಗಿ ಉಜ್ಬೇಡಿ."