ಗದ್ದೆಮ್ಮನ ಪದ

"ಹಾಡಬೇ ರಂಡೆ. ನಮ್ಮವ್ವ ಮುಂಜಾಲಿಂದ ಕುಂತಾಳ, ನಿಂದೇನು ಸೊಕ್ಕು?"

ಗೌಡ ಶಿವಶರಣಪ್ಪ ಅಂಗಳದಲ್ಲಿ ಬಿದ್ದಿದ್ದ ಯಾರದೋ ಕೆರ ಎತ್ತಿ ಎಸೆದ. ಅದು ನನ್ನ ತಂಗಿ ಗ್ಯಾನಮ್ಮನ ಮೊಣಕಾಲಿಗೆ ಬಡಿದು ನಾನು ಬಾರಿಸುವ ಹಲಗೆಯ ಹತ್ತಿರ ಬಿತ್ತು. ಗೌಡನ ತಾಯಿ ನೀಲಗಂಗಮ್ಮ ಬೆಳಗಿನ ಜಾವ ತೀರಿಕೊಂಡಿದ್ದಳು. ಮೈ ತೊಳೆದು, ವಿಭೂತಿ ಬಳಿದು, ಹೂವಿನ ವಿಮಾನದಲ್ಲಿ ಕೂರಿಸಿದ್ದರು. ಲಿಂಗಸುಗೂರಿನಿಂದ ಪೊಲೀಸ್ ಅಮೀನರೂ ಬಂದು ಕುರ್ಚಿಯಲ್ಲಿ ಆಕಳಿಸುತ್ತಿದ್ದರು. ತಡವಾಗಿದ್ದು ನನ್ನ ತಂಗಿಯಿಂದ.

ಹೋದ ಬೇಸಿಗೆಯಲ್ಲಿ ಗೌಡನ ಬಾವಿ ತೋಡುವ ಬಿಟ್ಟಿಗೆ ಅವಳ ಮಗಳು ಗದ್ದೆಮ್ಮ ಹೋಗಿದ್ದಳು. ಬಿಟ್ಟಿ ಎಂದರೆ ಗೊತ್ತಲ್ಲ, ಕೂಲಿಯೂ ಇಲ್ಲ, ಬರಲ್ಲ ಎನ್ನುವ ಬಾಯಿಯೂ ಇಲ್ಲ. ದಂಡೆ ಕುಸಿಯಿತು. ಹೊರಗೆ ತೆಗೆದಾಗ ಹುಡುಗಿಯ ಕೂದಲಲ್ಲೆಲ್ಲ ಮಣ್ಣು. ಗ್ಯಾನಮ್ಮ ಆವತ್ತು ಅಳಲಿಲ್ಲ. ಎಷ್ಟೋ ದಿನದ ಮೇಲೆ ಬೀಸುಕಲ್ಲಿನ ಮುಂದೆ ಕೂತು ಪದ ಕಟ್ಟಿದಳು.

ನೀರು ಕಾದಾವ ಬಾರವ್ವ, ತಲಿ ಮಣ್ಣು ತೊಳಿತೀನಿ.

ಆ ಪದ ಮಸ್ಕಿ ಸಂತೆಗೆ ಹೋಯಿತು, ಸಾಲಗುಂದಕ್ಕೆ ಹೋಯಿತು. ಯಾರು ಸತ್ತರೂ ಅದನ್ನೇ ಹಾಡಿಸತೊಡಗಿದರು. ತಂಗಿ ಯಾರಿಗೂ ಬೇಡ ಅನ್ನಲಿಲ್ಲ. ಕಡೆಯ ನುಡಿಯಲ್ಲಿ ಮಗಳ ಹೆಸರಿದೆ, ಅದನ್ನು ಮಾತ್ರ ತೆಗೆಯಬೇಡಿ ಎನ್ನುತ್ತಿದ್ದಳು. ಜನ ಒಪ್ಪಿದರು. ಒಪ್ಪಲಿಕ್ಕೆ ಏನು ಕಷ್ಟ? ಗದ್ದೆಮ್ಮ ಎಂಬ ಹೆಸರು ಬರುತ್ತಲೇ ಹಲಗೆಗೆ ಜೋರು ಪೆಟ್ಟು, ಆ ಪೆಟ್ಟಿಗೆ ಹೆಣ ಎತ್ತುವುದು. ಈ ಕಡೆ ಅದೇ ರೂಢಿಯಾಗಿಬಿಟ್ಟಿತ್ತು.

ಗೌಡನಿಗೆ ಆ ಪದವೇ ಬೇಕು, ಆದರೆ ಕೇರಿಯ ಹುಡುಗಿಯ ಹೆಸರು ಬೇಡ. ಅಲ್ಲಿ ನೀಲಗಂಗಮ್ಮ ಎಂದು ಹಾಡಬೇಕಂತೆ, ಇನ್ನು ಮೇಲೆ ಎಲ್ಲರ ಮನೆಯಲ್ಲೂ ಹಾಗೇ ಹಾಡಬೇಕಂತೆ. ಆ ಮುದುಕಿಯ ತಲೆಯಲ್ಲಿ ಮಣ್ಣು ಎಲ್ಲಿಂದ ಬರಬೇಕು? ಎಣ್ಣೆ ತಿಕ್ಕಲಿಕ್ಕೇ ಇಬ್ಬರು ಆಳುಗಳಿದ್ದರು.

"ನಿಮ್ಮವ್ವಗ ಬ್ಯಾರೆ ಪದ ಕಟ್ಟಿ ಹಾಡ್ತೀನ್ರಿ ಗೌಡ್ರ," ಎಂದಳು ಗ್ಯಾನಮ್ಮ. "ಇದು ಗದ್ದೆಮ್ಮಂದು. ನನ್ನತ್ರ ಆಕೀದು ಉಳಿದಿದ್ದು ಇದೊಂದ."

"ಪದ ಏನು ನಿಮ್ಮಪ್ಪನ ಹೊಲಾನ? ಈ ಊರಾಗ ಹುಟ್ಟಿದ್ದೆಲ್ಲ ನಂದು."

ಹಾಡದಿದ್ದರೆ ಕೇರಿಯ ನೀರಿನ ಬಾವಿಗೆ ಮುಳ್ಳು ಹಚ್ಚಿಸುತ್ತೇನೆ, ನಿನ್ನ ಅಣ್ಣನನ್ನು ಅಮೀನರ ಜೊತೆ ಕಳಿಸುತ್ತೇನೆ ಎಂದ. ಅಮೀನರು ನನ್ನ ಕಡೆ ಒಮ್ಮೆ ನೋಡಿ ಮತ್ತೆ ಆಕಳಿಸಿದರು.

ಗ್ಯಾನಮ್ಮ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ, "ಹಲಗಿ ಹಿಡಿ ಅಣ್ಣ," ಎಂದಳು. ಸೋತಳು ಅಂದುಕೊಂಡೆ. ಸಿಟ್ಟೂ ಬಂತು, ಜೀವ ಹಗುರವೂ ಆಯಿತು. ಸುಳ್ಳು ಯಾಕೆ ಹೇಳಲಿ, ನನಗೂ ಸಾಕಾಗಿತ್ತು.

ಅವಳು ಹಾಡಿದಳು. ಗೌಡನ ಮನೆಯ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಹೊರುವವರು ಬಗ್ಗಿ ವಿಮಾನದ ಬೊಂಬಿಗೆ ಹೆಗಲು ಕೊಟ್ಟರು. ಕಡೆಯ ನುಡಿ ಬಂತು.

ಮಲಗಬ್ಯಾಡ ಮಣ್ಣಾಗ, ನನ್ನ ಮಗಳ ಗದ್ದೆಮ್ಮ.

ನನ್ನ ಕೈ ತಾನೇ ಪೆಟ್ಟು ಹಾಕಿತು. ಆ ಪೆಟ್ಟಿಗೆ ಹೊರುವವರು ಎದ್ದು ನಿಂತರು. ನೀಲಗಂಗಮ್ಮ ಹೆಗಲ ಮೇಲಿದ್ದಳು.

ಗೌಡನ ಮುಖ ಕಪ್ಪಿಟ್ಟಿತು. ಇಳಿಸಿ, ಮತ್ತೊಮ್ಮೆ ಹಾಡಿಸಿ ಎಂದ. ಮಠದ ಅಯ್ಯನವರು ತಲೆ ಅಲ್ಲಾಡಿಸಿದರು.

"ಎತ್ತಿದ ಹೆಣ ನಡುವ ಇಳಿಸಂಗಿಲ್ಲ ಗೌಡ್ರ. ಮನಿಗೆ ಇನ್ನೊಂದು ಸಾವು ಬರತೈತಿ."

ಹಾಗೇ ಹೊರಟೆವು. ಗೌಡ ನನ್ನ ಮಗ್ಗುಲಿಗೆ ಬಂದು ಮೆಲ್ಲಗೆ, "ಮಣ್ಣು ಕೊಟ್ಟು ಬರ್ತೀನಿ. ಆಮ್ಯಾಲ ಐತಿ ನಿಮಗ," ಎಂದ. ಹೂಂ ಎಂದೆ. ಮುಳ್ಳು ಬೀಳುವುದಂತೂ ಖಾತ್ರಿ. ರಾತ್ರಿಯೇ ಕೊಡಗಳನ್ನೆಲ್ಲ ತುಂಬಿಟ್ಟುಕೊಳ್ಳಲು ಕೇರಿಗೆ ಹೇಳಬೇಕಿತ್ತು.

ದಾರಿ ಗದ್ದೆಮ್ಮ ಸತ್ತ ಬಾವಿಯ ಪಕ್ಕದಲ್ಲೇ ಹೋಗುತ್ತದೆ. ಅಲ್ಲಿಗೆ ಬಂದಾಗ ಗ್ಯಾನಮ್ಮ ನಿಂತಳು. ನಾನೂ ನಿಂತೆ. ಹಲಗೆ ಮುಂದೆ ಹೋಗದೆ ಹೆಣ ಹೋಗುವಂತಿಲ್ಲ, ಹೊತ್ತವರೂ ನಿಂತರು. ತಂಗಿ ಬಾವಿಯ ಕಡೆ ತಿರುಗಿ ಪದವನ್ನು ಮೊದಲ ನುಡಿಯಿಂದ ಶುರುಮಾಡಿದಳು.

ಅದು ಮುಗಿಯುವ ತನಕ ಗೌಡನೂ ಬಿಸಿಲಲ್ಲಿ ನಿಂತ.